ಮೂರು ಕಾಲೇಜು, ಒಂದೇ ಅಸ್ಥಿಪಂಜರ

ನಡೆದದ್ದನ್ನು ನಡೆದ ಕ್ರಮದಲ್ಲೇ ಹೇಳುತ್ತೇನೆ. ಈ ಕಥೆ ಬ್ಯಾಡಗಿಯಲ್ಲಿ ಒಂದು ರೀತಿ, ಹಾವೇರಿಯಲ್ಲಿ ಇನ್ನೊಂದು ರೀತಿ ಓಡಾಡುತ್ತಿದೆ. ನಾನು ಬಸ್ಸಿನಲ್ಲಿ ಹೆಣ ಸಾಗಿಸಿದೆ ಎನ್ನುವವರೂ ಇದ್ದಾರೆ. ಅದು ಹೆಣವಲ್ಲ. ಪ್ಲಾಸ್ಟಿಕ್ಕು.

ಆಗ ನಾನು ರಾಣೇಬೆನ್ನೂರಿನ ಸಣ್ಣ ಖಾಸಗಿ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದೆ. ಹಾವೇರಿ, ಬ್ಯಾಡಗಿಗಳಲ್ಲೂ ನಮ್ಮಂಥದ್ದೇ ಒಂದೊಂದು ಕಾಲೇಜು. ಬಡತನ ಮೂರಕ್ಕೂ ಸಮಾನ, ಪ್ರತಿಷ್ಠೆ ಮಾತ್ರ ಬೇರೆ ಬೇರೆ. ವಿಶ್ವವಿದ್ಯಾಲಯದ ತಪಾಸಣಾ ಸಮಿತಿ ಮೂರನ್ನೂ ನೋಡಲು ಬರುವುದಿತ್ತು. ಪ್ರಯೋಗಾಲಯದಲ್ಲಿ ಕೊರತೆ ಕಂಡರೆ ಪ್ರಾಣಿಶಾಸ್ತ್ರ ವಿಭಾಗ ಮುಚ್ಚುತ್ತದೆ; ವಿಭಾಗದ ಜೊತೆಗೆ ನನ್ನ ನೌಕರಿಯೂ.

ನಮ್ಮಲ್ಲಿ ಅಸ್ಥಿಪಂಜರವಿತ್ತು, ಸೂಕ್ಷ್ಮದರ್ಶಕ ಇರಲಿಲ್ಲ. ಬ್ಯಾಡಗಿಯಲ್ಲಿ ಸೂಕ್ಷ್ಮದರ್ಶಕಗಳಿದ್ದವು, ಅಸ್ಥಿಪಂಜರ ಇರಲಿಲ್ಲ. ಹಾವೇರಿಯಲ್ಲಿ ಒಂದು ಗಾಜಿನ ಕಪಾಟಿತ್ತು. ಒಳಗೆ ಏನೂ ಇರಲಿಲ್ಲ, ಆದರೆ ಕಪಾಟು ಬಹಳ ಚೆಂದ.

ಉಪಾಯ ನನ್ನದೇ. ಸಮಿತಿ ಸೋಮವಾರ ಬೆಳಿಗ್ಗೆ ಬ್ಯಾಡಗಿಗೆ, ಮಧ್ಯಾಹ್ನ ಹಾವೇರಿಗೆ, ಮರುದಿನ ನಮ್ಮಲ್ಲಿಗೆ ಬರುತ್ತದೆ. ಸಮಿತಿಗಿಂತ ಒಂದು ಹೆಜ್ಜೆ ಮುಂದೆ ಸಾಮಾನು ಓಡಾಡಿದರಾಯಿತು! ಹಾವೇರಿಯವರು ಕೂಡಲೇ ಒಪ್ಪಿದರು. ಬ್ಯಾಡಗಿಯ ಪ್ರಾಚಾರ್ಯ ಹೊಸಮನಿಯವರಿಗೆ ಫೋನಿನಲ್ಲಿ ಹೇಳಿದೆ. ಅವರು ಗದ್ಗದಿತರಾದರು.

"ಇದಕ್ಕ ಸಹಯೋಗ ಅಂತಾರ ನೋಡ್ರಿ! ಇವತ್ತ ಎಲಬು ಕೂಡತಾವ, ನಾಳೆ ಮೂರೂ ಕಾಲೇಜು ಕೂಡಿ ಒಂದು ಖಾಸಗಿ ವಿಶ್ವವಿದ್ಯಾಲಯನ ಆಗತೈತ್ರಿ!"

ಭಾನುವಾರ ಅಸ್ಥಿಪಂಜರವನ್ನು ಮನೆಗೆ ತಂದೆ. ಮಂಕಾಗಿ ಕಂಡಿತು. ಹೊಳಪು ಬರಲೆಂದು ಕೊಬ್ಬರಿ ಎಣ್ಣೆ ತಿಕ್ಕತೊಡಗಿದೆ. ಹೆಂಡತಿ ಶಾಂತಾ ಬಾಗಿಲಲ್ಲಿ ನಿಂತು ನೋಡಿದಳು.

"ನನ್ನ ತಲೀಗೆ ಹಚ್ಚೂ ಎಣ್ಣಿರಿ ಅದು!"

"ಸಮಿತಿ ಮುಂದ ಹೊಳೀಬೇಕಲ್ಲ?"

"ಹೆತ್ತ ಮಗಗ ಒಂದಿನ ಎಣ್ಣಿ ಹಚ್ಚಿ ಎರದವ್ರಲ್ಲ. ಇವಗ ಅಭ್ಯಂಜನ ನಡದೈತಿ!"

ಪಕ್ಕೆಲುಬುಗಳ ಸಂದುಗಳಿಗೂ ಎಣ್ಣೆ ಹೋಗುವಂತೆ ನೋಡಿಕೊಂಡೆ. ಈ ವಿವರವನ್ನು ಓದುಗರು ನೆನಪಿನಲ್ಲಿಡಬೇಕು.

ಸೋಮವಾರ ಮುಂಜಾನೆ ಅದನ್ನು ಚಾದರದಲ್ಲಿ ಸುತ್ತಿ ಬ್ಯಾಡಗಿಯ ಬಸ್ ಹತ್ತಿದೆ. ಚಾದರ ಗಿಡ್ಡವಾಗಿತ್ತು. ಎರಡೂ ಪಾದ ಹೊರಗೆ ಬಂದಿದ್ದವು. ಪಕ್ಕದ ಸೀಟಿನ ಅಜ್ಜಿ ಅವನ್ನು ನೋಡಿದಳು, ನನ್ನನ್ನು ನೋಡಿದಳು, ಸೆರಗು ಬಾಯಿಗೆ ಹಿಡಿದಳು.

"ಯಾರೋ ಯಪ್ಪಾ ಇವ್ರು?"

"ಯಾರೂ ಅಲ್ಲಬೇ. ಕಾಲೇಜಿಂದು."

"ಅಯ್ಯ ಶಿವನ! ಮಾಸ್ತರೇನು? ಎಷ್ಟು ಸೊರಗ್ಯಾರ!"

ಕಂಡಕ್ಟರ್ ಬಂದ. "ಇದು ಸಾಮಾನು" ಎಂದೆ. "ಸಾಮಾನಿಗೆ ಬೆರಳ ಇರತಾವೇನ್ರಿ? ಇಳೀರಿ ಮೊದಲ!" ಎಂದ. ಬಸ್ಸು ನಿಲ್ದಾಣದಿಂದ ಇನ್ನೂ ಹೊರಟಿರಲಿಲ್ಲ. ಆದ್ದರಿಂದ ನನ್ನನ್ನು ದಾರಿಯಲ್ಲಿ ಇಳಿಸಿದರು ಎಂಬ ಮಾತು ಸುಳ್ಳು. ಇಳಿಸಿದ್ದು ನಿಲ್ದಾಣದಲ್ಲೇ, ಎಲ್ಲರ ಎದುರಿಗೆ.

ಬ್ಯಾಡಗಿಯಲ್ಲಿ ಅಂದು ಮೆಣಸಿನಕಾಯಿ ಪೇಟೆಯ ದಿನ. ಹಲಗೇರಿಯಿಂದ ಬಂದ ಟೆಂಪೋವೊಂದು ಮೆಣಸಿನಕಾಯಿ ಚೀಲಗಳನ್ನು ಹೇರಿಕೊಂಡು ಅಲ್ಲಿಗೇ ಹೊರಟಿತ್ತು. ಕೈ ಮಾಡಿದೆ, ನಿಲ್ಲಿಸಿದರು. ದೇವರು ದೊಡ್ಡವನು ಅಂದುಕೊಂಡೆ. ಚೀಲಗಳ ನಡುವೆ ಅಸ್ಥಿಪಂಜರವನ್ನು ಮಲಗಿಸಿ ನಾನು ಮುಂದೆ ಕುಳಿತೆ. ಗಾಳಿಗೆ ಚಾದರ ಹಾರಿಹೋದದ್ದು ನನಗೆ ತಿಳಿಯಲಿಲ್ಲ. ಬ್ಯಾಡಗಿ ಮೆಣಸಿನಕಾಯಿಯ ಹೆಸರು ಖಾರಕ್ಕಿಂತ ಬಣ್ಣಕ್ಕೆ. ಆ ಬಣ್ಣಕ್ಕೆ ಎಣ್ಣೆ ಎಂದರೆ ಪ್ರಾಣ.

ಇಳಿಸಿದಾಗ ಅಸ್ಥಿಪಂಜರ ಕೆಂಪಗಿತ್ತು!

ಹೊಸಮನಿಯವರು ತಲೆಯ ಮೇಲೆ ಕೈ ಹೊತ್ತರು. "ಏನ್ರೀ ಸರ, ಓಕಳಿ ಆಡಿಸಿಕೊಂಡು ಬಂದೀರೇನು?"

ಒದ್ದೆ ಬಟ್ಟೆಯಿಂದ ಒರೆಸಿದೆವು. ಅಲ್ಲಲ್ಲಿ ಇದ್ದ ಕೆಂಪು ಎಲ್ಲ ಕಡೆಗೂ ಸಮನಾಗಿ ಹರಡಿತು. ಅಷ್ಟರಲ್ಲಿ ಸಮಿತಿ ಬಂತು. ಅಧ್ಯಕ್ಷರು ಹಿರಿಯರು, ಬಿಳಿಯ ಸಫಾರಿ. ಅಸ್ಥಿಪಂಜರದ ಹತ್ತಿರ ಬಗ್ಗಿದರು. ಸೀನಿದರು. ಮತ್ತೆ ಸೀನಿದರು. ಕಣ್ಣೊರೆಸಿಕೊಂಡು, "ಬಣ್ಣ?" ಎಂದರು.

"ರಕ್ತಸಂಚಾರ ತೋರಸಾಕ್ರಿ" ಎಂದೆ. ಹೇಗೆ ಹೊಳೆಯಿತೋ ಇಂದಿಗೂ ಅರಿಯೆ. ಅವರು ತಲೆಯಾಡಿಸಿ ಏನೋ ಬರೆದುಕೊಂಡರು. ಗೆದ್ದೆ!

ಹೊಸಮನಿಯವರು ಸಮಿತಿಯನ್ನು ಊಟಕ್ಕೆ ಕೂರಿಸಿ, ಬೇಡವೆಂದರೂ ಹೋಳಿಗೆ ಬಡಿಸುತ್ತ ಹಿಡಿದಿಟ್ಟರು. ನಾನು ಟಂಟಂ ಆಟೋ ಗೊತ್ತುಮಾಡಿ ಅಸ್ಥಿಪಂಜರ, ಸೂಕ್ಷ್ಮದರ್ಶಕಗಳೊಂದಿಗೆ ಹಾವೇರಿಗೆ ಓಡಿದೆ. ಅಲ್ಲಿ ಗುರುತು ಸಿಗಬಾರದೆಂದು ಮೈಗೆಲ್ಲ ಸೀಮೆಸುಣ್ಣದ ಪುಡಿ ಹಚ್ಚಿದೆ. ಕೆಂಪಿನ ಮೇಲೆ ಬಿಳಿ ಬಿದ್ದು ಗುಲಾಬಿಯಾಯಿತು. ತಲೆಬುರುಡೆಯಂತೂ ಮದುವೆಗೆ ಹೊರಟಂತೆ ಕಂಡಿತು. ಗಾಜಿನ ಕಪಾಟಿನಲ್ಲಿ ನಿಲ್ಲಿಸಿ ಪರದೆ ಎಳೆದೆ.

ಸಮಿತಿ ಬಂತು. ಹೊಸಮನಿಯವರೂ ಹಿಂದೆಯೇ ಬಂದರು. ಅಧ್ಯಕ್ಷರು ಬಾಗಿಲು ದಾಟಿದರು. ಪರದೆ ಇನ್ನೂ ಸರಿದಿರಲಿಲ್ಲ.

ಸೀನಿದರು!

ಅವರು ತಾವೇ ಹೋಗಿ ಪರದೆ ಸರಿಸಿದರು. ಬಹಳ ಹೊತ್ತು ನೋಡಿದರು. ಆಮೇಲೆ ಅಸ್ಥಿಪಂಜರಕ್ಕೆ ಕೈಮುಗಿದರು.

"ನಮಸ್ಕಾರ್ರಿ. ಮುಂಜಾನೆ ಬ್ಯಾಡಗ್ಯಾಗ ಭೆಟ್ಟಿ ಆಗಿದ್ವಿ. ನಮಗಿಂತ ಲಗೂ ಬಂದೀರಲ್ಲ!"

ನೌಕರಿ ಹೋಯಿತು ಎಂದುಕೊಂಡೆ. ಎಲ್ಲವನ್ನೂ ಹೇಳಿಬಿಟ್ಟೆ; ಕೊಬ್ಬರಿ ಎಣ್ಣೆಯನ್ನೂ ಬಿಡಲಿಲ್ಲ.

ಅಧ್ಯಕ್ಷರು ಕುರ್ಚಿಯಲ್ಲಿ ಕುಳಿತರು. "ಅಲ್ರೀ ಮಾಸ್ತರ, ಇದನ್ನ ಕದ್ದು ಯಾಕ ಮಾಡಿದ್ರಿ? ಸಣ್ಣ ಕಾಲೇಜಿನವ್ರು ಕೂಡಿ ಸಾಮಾನು ಹಂಚಿಕೊಳ್ಳಾಕ ನಮ್ಮ ನಿಯಮದಾಗ ಅವಕಾಶ ಐತಿ. ಬಾಯಿಬಿಟ್ಟು ಕೇಳಿದ್ರ ಸಹಿ ಮಾಡಿ ಕೊಡತಿದ್ವಿ."

ನಾನು ಹೊಸಮನಿಯವರ ಕಡೆ ನೋಡಿದೆ. ಅವರು ಚಾವಣಿಯ ಕಡೆ ನೋಡುತ್ತಿದ್ದರು.

ವಿಭಾಗ ಉಳಿಯಿತು. ಮೂರೂ ಕಡೆ ಉಳಿಯಿತು. ಅಧ್ಯಕ್ಷರ ಷರತ್ತು ಒಂದೇ: ಅಸ್ಥಿಪಂಜರ ಇನ್ನು ಓಡಾಡಕೂಡದು, ಅದರ ಮೈಗೆ ತ್ರಾಸಾಗುತ್ತದೆ, ಹಾವೇರಿಯಲ್ಲಿ ಒಳ್ಳೆಯ ಕಪಾಟಿದೆ, ಅಲ್ಲೇ ಇರಲಿ. ಎಲುಬಿನ ಪಾಠವನ್ನು ಮೂರೂ ಕಡೆ ಯಾರಾದರೂ ಒಬ್ಬರೇ ಹೋಗಿ ಮಾಡಲಿ, ಉಳಿದೆರಡು ಕಡೆ ಚಿತ್ರ ಬರೆದು. ಮೂರೂ ಕಾಲೇಜು ಕೂಡಿ ಸಹಯೋಗದ ಮೊದಲ ನಿರ್ಣಯವಾಗಿ ಆ 'ಯಾರಾದರೂ' ಯಾರೆಂದು ಗೊತ್ತುಮಾಡಿದವು. ವಿರೋಧಿಸಿದವನು ನಾನೊಬ್ಬನೇ.

ಈಗ ನಾನು ಬೆಳಿಗ್ಗೆ ರಾಣೇಬೆನ್ನೂರು, ಮಧ್ಯಾಹ್ನ ಬ್ಯಾಡಗಿ, ಸಂಜೆ ಹಾವೇರಿ. ಹೆಚ್ಚಿನ ದಿನ ಬಸ್ಸಿನಲ್ಲಿ ನಿಂತೇ ಹೋಗುತ್ತೇನೆ. ಅಸ್ಥಿಪಂಜರ ಗಾಜಿನ ಕಪಾಟಿನಲ್ಲಿ ಗುಲಾಬಿ ಬಣ್ಣದಲ್ಲಿ ಆರಾಮವಾಗಿದೆ.

ಮೊನ್ನೆ ಮನೆಗೆ ಬಂದು ಅಂಗಿ ಕಳಚಿದಾಗ ಶಾಂತಾ ನನ್ನ ಪಕ್ಕೆಗಳನ್ನೇ ನೋಡಿದಳು. ಒಳಗೆ ಹೋಗಿ ಕೊಬ್ಬರಿ ಎಣ್ಣೆ ತಂದಳು.

"ಬರ್ರಿ, ಹಚ್ಚತೀನಿ. ಈ ಎರಡನೇ ಎಲಬಿನಗೂಡಾದ್ರೂ ಹೊಳೀಲಿ!"