ಜೀಪಿನಡಿ ಮಲಗಿ ಕೇಳಿದ್ದು

ಮದ್ದೂರಿನಲ್ಲಿ ನನ್ನದು ಹಳೇ ಫೋರ್‌ವೀಲ್ ಜೀಪುಗಳ ಗ್ಯಾರೇಜು. ಜೀಪುಗಳು ಒಂದೊಂದೇ ಗುಜರಿಗೆ ಹೋಗುತ್ತಿವೆ, ಓನರುಗಳೂ ಒಬ್ಬೊಬ್ಬರೇ ಹೋಗುತ್ತಿದ್ದಾರೆ. ಬೆಳಗ್ಗೆ ಶಟರ್ ಎತ್ತುವಾಗ ಎದೆ ಭಾರ. ಆದರೂ ಜೀಪಿನಡಿ ಮಲಗಿದರೆ ನಗುವಂಥದ್ದು ಏನಾದರೊಂದು ನಡೆದೇ ನಡೆಯುತ್ತದೆ.

ಫೋನಿನಲ್ಲಿ ಜೀಪು

ಹಲಗೂರಿನ ರೈತರೊಬ್ಬರು ಫೋನ್ ಮಾಡಿದರು. "ಗಾಡಿ ಅಡೀಲಿ ಸದ್ದು ಬತ್ತದೆ ಕಣಣ್ಣ."

"ಯಾವ ತರ ಸದ್ದು?"

"ಗೊರ್ರ್... ಗೊರ್ರ್..."

ಹಾಗೆ ಬಂದರೆ ಹಿಂದಿನ ಆಕ್ಸಲ್ಲಿನ ಹಲ್ಲು ಸವೆದಿದೆ ಎಂದು ಲೆಕ್ಕ. ಅದರ ಪಾರ್ಟು ಈಗ ಎಲ್ಲೂ ಸಿಗುವುದಿಲ್ಲ. "ಗಾಡಿ ಆಸೆ ಬುಟ್ಬುಡಿ" ಅಂದೆ. ಅಷ್ಟರಲ್ಲಿ ಅವರ ಹೆಂಡತಿ ಫೋನ್ ಕಿತ್ತುಕೊಂಡರು.

"ಅಣ್ಣಾ, ಅದು ಅವ್ರ ಗೊರ್ಕೆ. ಗಾಡೀದು ಇಂಗೆ: ಟಕ್, ಟಕ್, ಟಕ್!"

ಟಕ್ ಅಂದರೆ ಚಕ್ರಕ್ಕೆ ಎಳೆತ ಕೊಡುವ ಉದ್ದ ಶಾಫ್ಟಿನ ಕೀಲು. ನಾವು ಕ್ರಾಸು ಅನ್ನುತ್ತೇವೆ. ಬೇರೆ ಹಾಕಿದರೆ ಆಯಿತು. ಜೀಪು ಉಳೀತು ಅಂದೆ.

"ಅಂಗೇ ಗೊರ್ಕೆಗೂ ಒಂದು ಪಾರ್ಟು ಸಿಕ್ತದಾ ನೋಡಣ್ಣ" ಅಂದರು.

ತಮ್ಮನ ಕಣ್ಣು

ವೈದ್ಯನಾಥಪುರದ ಎಳನೀರು ವ್ಯಾಪಾರಿಯ ಜೀಪು ಟಾರು ರಸ್ತೆಯಲ್ಲಿ ತಿರುಗಲು ಒಲ್ಲೆ ಅನ್ನುತ್ತಿತ್ತು. ತಿರುವು ಬಂದರೆ ಯಾರೋ ಹಿಂದಿನಿಂದ ಹಿಡಿದು ಜಗ್ಗಿದ ಹಾಗೆ. ತಮ್ಮನ ಕಣ್ಣು ಬಿದ್ದಿದೆ ಎಂದು ಬಂಪರಿಗೆ ನಿಂಬೆಹಣ್ಣಿನ ಸರ ಕಟ್ಟಿದ್ದ. ಅಣ್ಣ ತಮ್ಮಂದಿರ ಮಾತು ನಿಂತುಹೋಗಿತ್ತು.

ನೋಡಿದರೆ ಫೋರ್‌ವೀಲ್ ಲಿವರು ಎಳೆದ ಹಾಗೇ ಇದೆ. ಒಣ ಟಾರಿನ ಮೇಲೆ ನಾಲ್ಕೂ ಚಕ್ರ ಒಟ್ಟಿಗೆ ಎಳೆದರೆ ಗಾಡಿ ಬಿಗಿದುಕೊಳ್ಳುತ್ತದೆ. ಸ್ವಲ್ಪ ರಿವರ್ಸ್ ಹೊಡೆದೆ, ಲಿವರು ಸಡಿಲವಾಯಿತು.

"ಇದ್ನ ಯಾರ್ಲಾ ಎಳ್ದದ್ದು?"

"ಪೂಜೆಗೆ ತಂದ ಊವಿನ ಬ್ಯಾಗ್ನ ಅದ್ಕೇ ನೇತಾಕಿದ್ದೆ. ಕೀಳ್ವಾಗ ನಾನೇ ಎಳ್ದ್‌ಬುಟ್ನೇನೋ." ಮುಖ ಬಾಡಿತು. "ತಮ್ಮನ್ ಮನೆ ಮುಂದೆ ಮಣ್ಣು ತೂರಿ ಸಾಪ ಆಕ್ಬುಟ್ಟಿವ್ನಿ. ಸಾಪಕ್ಕೂ ರಿವರ್ಸು ಅದಾ ಅಣ್ಣ?"

ಗೌಡರ ಮಾತು

ಬಸರಾಳಿನ ಗೌಡರು ನನಗೆ ಗಿರಾಕಿಗಿಂತ ಗೆಳೆಯರು. ಅವರ ಜೀಪಿನಲ್ಲೂ ಕ್ರಾಸು ಟಕ್ ಟಕ್ ಅನ್ನುತ್ತಿತ್ತು. ಬದಲಾಯಿಸೋಣ ಎಂದಾಗಲೆಲ್ಲ ನಕ್ಕು ಗಾಡಿ ಹತ್ತಿ ಹೋಗಿಬಿಡುತ್ತಿದ್ದರು. ಮೊನ್ನೆ ಮಂಡ್ಯದ ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರ ಜೀಪಿನಲ್ಲೇ ಊರಿಗೆ ಕರೆದೊಯ್ಯಬೇಕೆಂದು ಅವರ ಹೆಂಡತಿ ಹಟ ಹಿಡಿದರು. ನಾನೇ ಸ್ಟೇರಿಂಗ್ ಹಿಡಿದೆ.

ಬಸರಾಳು ಇನ್ನೇನು ಬರಬೇಕು, ದಡ್ ಎಂದು ಕ್ರಾಸು ಮುರಿದು ಹಿಂದಿನ ಶಾಫ್ಟು ರಸ್ತೆಗೆ ಬಿತ್ತು. ಇಂಜಿನ್ನು ಕೂಗುತ್ತದೆ, ಗಾಡಿ ಕದಲುವುದಿಲ್ಲ. ಮೇಲೆ ಗೌಡರು, ಅಡಿಯಲ್ಲಿ ನಾನು. ಗ್ರೀಸು ಕೈಯಲ್ಲೇ ಕಣ್ಣು ಒರೆಸಿಕೊಳ್ಳುತ್ತ ಶಾಫ್ಟು ಬಿಚ್ಚಿ ತೆಗೆದೆ. ಫೋರ್‌ವೀಲ್ ಹಾಕಿದೆ. ಮುಂದಿನ ಎರಡು ಚಕ್ರಗಳೇ ಎಳೆಯತೊಡಗಿದವು.

ಪಕ್ಕದಲ್ಲಿ ಕೂತಿದ್ದ ಅವರ ಹೆಂಡತಿಗೆ, ಸಂಕಟ ತಡೆಯದೆ ಅಂದೆ: "ಕ್ರಾಸು ಆಕ್ಸಿ ಅಂತ ಎಷ್ಟು ಬಡ್ಕಂಡೆ ಅಮ್ಮಾ."

"ನಾನೂ ಬಡ್ಕಂಡೆ ಕಣಪ್ಪ. 'ಸುಮ್ಕಿರಮ್ಮಿ, ನಾ ಸಾಯೋಗಂಟ ಅದುಕ್ಕೇನೂ ಆಗಕಿಲ್ಲ' ಅಂದ್ರು."

ಹಿಂದೆ ತಿರುಗಿ ಗೌಡರ ಮುಖವನ್ನೇ ನೋಡಿದರು. ಅಳುತ್ತಾರೆ ಎಂದುಕೊಂಡೆ.

"ಆಡ್ದಂಗೇ ನಡ್ಕಂಡ್ರು. 'ಮನೆ ಸೇರೋಗಂಟ' ಅನ್ನಕ್ಕೆ ಇವ್ರಿಗೇನಾಗಿತ್ತು ರೋಗ?"