ಹಿಂದಿನ ಸೀಟಿಗೊಂದು ಸ್ಪೀಕರ್

ಅತ್ತೆಯವರನ್ನು ಒಂದೇ ಮಧ್ಯಾಹ್ನದಲ್ಲಿ ಗೆದ್ದು ತೋರಿಸುತ್ತೇನೆ ಎಂದು ಕೆದಂಬಾಡಿಯ ಮಹಾಗಣಪತಿ ಹೆಂಡತಿಯ ಮುಂದೆ ಘೋಷಿಸಿದ್ದು ೧೯೬೭ರ ಬೇಸಿಗೆಯಲ್ಲಿ. ಗೆಲ್ಲದೆ ಗತಿಯಿರಲಿಲ್ಲ. ತಂಗಿ ಕೌಸಲ್ಯೆಯ ದಿಬ್ಬಣ ಕಾಣಿಯೂರಿಗೆ ಮಾವನ ಕಾರಿನಲ್ಲೇ ಬರುತ್ತದೆಂದು, ಮಾವನನ್ನು ಕೇಳುವ ಮೊದಲೇ, ಅವನು ಗಂಡಿನ ಕಡೆಯವರಿಗೆ ಮಾತು ಕೊಟ್ಟಾಗಿತ್ತು. ಮಾವನಾದರೋ ಅತ್ತೆಯವರ ಒಪ್ಪಿಗೆಯಿಲ್ಲದೆ ಕಾರನ್ನು ಯಾರಿಗೂ ಕೊಡುವವರಲ್ಲ.

ಆ ಕಾರಿನಲ್ಲಿ ರೇಡಿಯೋ ಇತ್ತು. ಸ್ಪೀಕರ್ ಮಾತ್ರ ಮುಂದೆ, ಗಂಡಸರ ಮೊಣಕಾಲ ಬಳಿ. ಹಿಂದಿನ ಸೀಟು ಹೆಂಗಸರದು. ಅಲ್ಲಿ ಕೂರುವ ಅತ್ತೆಯವರಿಗೆ ಸಂಗೀತ ಸರಿಯಾಗಿ ಕೇಳಿಸುವುದಿಲ್ಲವಲ್ಲ ಎಂದು ಅಳಿಯನ ಕರುಳು ಚುರುಕ್ಕೆಂದಿತು. ಪುತ್ತೂರು ಪೇಟೆಯ ರೇಡಿಯೋ ಅಂಗಡಿಯ ಹಕೀಮನಲ್ಲಿ ಇನ್ನೊಂದು ಸ್ಪೀಕರ್ ಕೊಂಡ. ಎರಡಕ್ಕೂ ನಾಲ್ಕು ನಾಲ್ಕು ಓಮ್. ಓಮ್ ಅಂದರೆ ವಿದ್ಯುತ್ತಿಗೆ ಒಡ್ಡುವ ತಡೆ, ರೇಡಿಯೋಕ್ಕೆ ತಕ್ಕ ಹಾಗೆ ಜೋಡಿಸಬೇಕು, ಕಾರು ತನ್ನಿ ಎಂದ ಹಕೀಮ. ತೋಟದ ಸಾವಿರ ಅಡಿಕೆ ಬುಡಕ್ಕೆ ನೀರು ಹಂಚುವ ತನಗೆ ಎರಡು ಪೆಟ್ಟಿಗೆಗೆ ಶಬ್ದ ಹಂಚಲು ಯಾರೂ ಕಲಿಸಬೇಕಾಗಿಲ್ಲವೆಂದು ಮಹಾಗಣಪತಿ ಹೊರಟು ಬಂದ.

ಅಜ್ಜಾವರದಿಂದ ಅತ್ತೆಯವರೊಂದಿಗೆ ಬಂದ ಮಾವ ಉಂಡು ಮಲಗಿದ್ದೇ ತಡ, ಕಾರು ತೊಳೆಯುವ ನೆಪದಲ್ಲಿ ಕೆಲಸ ಶುರುವಾಯಿತು. ಹಳೆಯ ವಯರಿನ ತುದಿಗೇ ಹೊಸ ವಯರನ್ನೂ ಹೊಸೆದ. ಒಂದು ಕೆರೆ, ತೋಟಕ್ಕೆ ನೀರು ಬಿಡುವ ಎರಡು ಕಣಿ. ನೀರು ಅರ್ಧರ್ಧ ಹರಿಯುತ್ತದೆ, ಕೆರೆಗೆ ಭಾರವೇನು ಎಂಬುದು ಅವನ ಸಿದ್ಧಾಂತ.

ಹೆಂಡತಿ ಶಂಕರಿ ಬಕೆಟ್ ಹಿಡಿದು ನಿಂತಿದ್ದಳು. "ಎರಡು ಕಣಿ ಒಟ್ಟಿಗೆ ಬಿಟ್ರೆ ಕೆರೆ ಬೇಗ ಬತ್ತುದಿಲ್ವಾ?"

"ನೀನು ಸುಮ್ಮನೆ ನೀರು ಹೊಯ್ಯಿ, ಮಾರಾಯ್ತಿ."

ಗುಂಡಿ ತಿರುಗಿಸಿದ. ಪಿಟೀಲು ಮುಂದೆಯೂ ಮೊಳಗಿತು, ಹಿಂದೆಯೂ ಮೊಳಗಿತು. ದಿಗ್ವಿಜಯವಾದ ಸಂತೋಷದಲ್ಲಿ ಶಬ್ದವನ್ನು ಇನ್ನಷ್ಟು ಏರಿಸಿದ. ಪಿಟೀಲು ಗೊಗ್ಗರಾಯಿತು, ಗೊಗ್ಗರು ಕೆಮ್ಮಾಯಿತು. ರೇಡಿಯೋದ ಸಂದಿಯಿಂದ ಅಗರಬತ್ತಿಯಂಥ ಸಣ್ಣ ಹೊಗೆ ಎದ್ದಿತು. ಪರಿಮಳ ಮಾತ್ರ ಸುಟ್ಟ ರಬ್ಬರಿನದು. ಆಮೇಲೆ ಮೌನ. ತಡೆ ಅರ್ಧಕ್ಕಿಳಿದು, ವಿದ್ಯುತ್ತು ಇಮ್ಮಡಿ ಹರಿದು, ಕೆರೆ ನಿಜವಾಗಿಯೂ ಬತ್ತಿತ್ತು.

"ದಿಬ್ಬಣಕ್ಕೆ ಎತ್ತಿನ ಗಾಡಿ ಹೇಳುದಾ?" ಎಂದಳು ಶಂಕರಿ.

ಸಂಜೆ ಹೊರಡುವಾಗ ಮಾವ ಸ್ಟಿಯರಿಂಗ್ ಮುಂದೆ ಕೂತು ರೇಡಿಯೋದ ಗುಂಡಿ ತಿರುಗಿಸಿದರು. ಮತ್ತೆ ತಿರುಗಿಸಿದರು. ಮಹಾಗಣಪತಿ ಕಿಟಕಿ ಹಿಡಿದುಕೊಂಡು, ನೆಲ ನೋಡುತ್ತಾ ಎಲ್ಲವನ್ನೂ ಹೇಳಿಬಿಟ್ಟ. ದಿಬ್ಬಣದ ವಿಷಯವೂ ಅದೇ ಉಸಿರಿನಲ್ಲಿ ಬಾಯಿಂದ ಬಿತ್ತು. ಮಾವನ ಮುಖ ಕೆಂಪೇರಿತು. ನಾಳೆಯೇ ಮಂಗಳೂರಿಗೆ ಕೊಂಡುಹೋಗಿ ರಿಪೇರಿ ಮಾಡಿಸುತ್ತೇನೆ, ಆಮೇಲೆ ಈ ಕಾರನ್ನು ಯಾರೂ ಮುಟ್ಟುವುದು ಬೇಡ ಎಂದು ಗುಡುಗಿದರು.

ಹಿಂದಿನ ಸೀಟಿನಿಂದ ಅತ್ತೆಯವರ ಸ್ವರ ಬಂತು, ಸಾವಕಾಶವಾಗಿ.

"ರಿಪೇರಿಗೆ ಅಷ್ಟು ಅವಸರ ಎಂತ? ಈ ರೇಡಿಯೋ ಬಂದ ಮೇಲೆ ನಾನು ಹಿಂದಿನಿಂದ ಹೇಳಿದ್ದು ಒಂದಾದ್ರೂ ನಿಮ್ಮ ಕಿವಿಗೆ ಬಿದ್ದದ್ದುಂಟಾ? ಮದುವೆಗೆ ಕಾರು ಕೊಡಿ ಇವರಿಗೆ."

ಮಾವ ಆಗಲಿ ಎಂದು ತಲೆಯಾಡಿಸಿದರು. ಮಹಾಗಣಪತಿಗೆ ಹೋದ ಜೀವ ಬಂದಂತಾಯಿತು. ಕಾರು ಹೊರಡುವ ಮುಂಚೆ ಅತ್ತೆಯವರು ಗಾಜಿಳಿಸಿ ಅವನನ್ನು ಹತ್ತಿರ ಕರೆದರು.

"ಅಜ್ಜಾವರಕ್ಕೆ ಬಂದಾಗ ಮನೆಯ ರೇಡಿಯೋಕ್ಕೂ ಒಂದು ಸ್ಪೀಕರ್ ಕಟ್ಟಿಕೊಡಿ, ಆಯ್ತಾ?"