ಅಡುಗೆಮನೆಗೆ ಹಿಂದಿರುಗಿದ ತಟ್ಟೆ

ಗಂಗಾವತಿಯಲ್ಲಿ ಅಕ್ಕಿ ಮಾರುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ರೋಬೋಟಿನಿಂದ ಅನ್ನ ಬಡಿಸಿ ಅಕ್ಕಿ ಮಾರಿದ ಮೊದಲ ವ್ಯಾಪಾರಿ ಗೋವಿಂದರಾಜನಾದ ನಾನೇ ಆಗಬೇಕು ಎಂದು ಪಣ ತೊಟ್ಟಿದ್ದೆ.

ರೋಬೋಟು ಎಂದರೆ ನಾಲ್ಕು ಗಾಲಿ, ಮೇಲೊಂದು ಹಲಗೆ, ಹೊಟ್ಟೆಯಲ್ಲಿ ಅಂಗೈಯಗಲದ ಬೋರ್ಡು. ಬೋರ್ಡಿನಿಂದ ನನ್ನ ಕೈಯ ರಿಮೋಟಿಗೆ ಐದು ಮೊಳದ ವೈರು. ಆ ವೈರಿಗೆ ಎಡವಿ ನನ್ನ ಹೆಂಡತಿ ರೇಣುಕಾ ಎರಡು ಸಲ ಸಾರು ಚೆಲ್ಲಿದಳು.

"ಕರಕ್ಕ ಹಗ್ಗ ಕಟ್ಟಿದಂಗ ಹಿಡಕೊಂಡು ಮನಿ ತುಂಬ ಅಡ್ಡಾಡ್ತೀರಲ್ರಿ, ಮಂದಿ ನೋಡಿದ್ರ ಏನಂದಾರು?"

ಪೌರುಷ ಕೆರಳಿತು. ಬೆರಳುದ್ದದ ಬ್ಲೂಟೂತ್ ಬಿಲ್ಲೆ ತರಿಸಿ ಬೋರ್ಡಿಗೆ ಬೆಸೆದೆ. ಎರಡಕ್ಕೂ ಸಂದೇಶ ಕಳಿಸುವ ಬಾಯಿಯೊಂದು, ಕೇಳುವ ಕಿವಿಯೊಂದು. ಮೊದಲು ಬಾಯಿಗೆ ಬಾಯಿ, ಕಿವಿಗೆ ಕಿವಿ ಜೋಡಿಸಿದ್ದೆ, ಗಾಡಿ ಅಲುಗಲಿಲ್ಲ. ತಂತಿ ಅದಲುಬದಲು ಮಾಡಿ ಬಾಯಿಗೆ ಕಿವಿ ಜೋಡಿಸಿದೆ ನೋಡಿ, ಮೊಬೈಲಿನಲ್ಲಿ ಬಾಣದ ಗುರುತು ಒತ್ತಿದೊಡನೆ ಹೊರಟೇಬಿಟ್ಟಿತು. ಸಂಸಾರಕ್ಕೂ ಇದೇ ನಿಯಮ ಎಂದು ರೇಣುಕಾಗೆ ಹೇಳಿದೆ. ಅವಳು ಕೇಳಿಸಿಕೊಳ್ಳಲಿಲ್ಲ.

ಉದ್ಘಾಟನೆಗೆ ಸಿಕ್ಕವರು ಬಾಬಾಸಾಬರು. ಗಿಣಿಗೇರಾದಲ್ಲಿ ಕಾರ್ಖಾನೆಯವರಿಗೆ ಮೆಸ್ ನಡೆಸುತ್ತಾರೆ. ವರ್ಷವಿಡೀ ಅಕ್ಕಿ ಬೇಕು. ಇಂಥ ಗಿರಾಕಿಗಳು ಅಕ್ಕಿಯನ್ನು ಕೈಯಲ್ಲಿ ನೋಡಿ ಒಪ್ಪುವುದಿಲ್ಲ. ಮಾರುವವನ ಮನೆಯಲ್ಲಿ ಅನ್ನ ಉಂಡ ಮೇಲೆಯೇ ಮಾತು. ನನ್ನ ಗೋದಾಮಿನಲ್ಲಿದ್ದದ್ದೆಲ್ಲ ಈ ಸುಗ್ಗಿಯ ಹೊಸ ಅಕ್ಕಿ. ಅನ್ನ ಮಾಡಿದರೆ ಮುದ್ದೆ. ಮನೆಯ ಊಟಕ್ಕಿಟ್ಟದ್ದು ಎರಡು ವರ್ಷದ ಹಳೇ ಅಕ್ಕಿ. ಅನ್ನ ಮಲ್ಲಿಗೆಯಂತೆ ಉದುರುದುರು. ಯಾವುದನ್ನು ಬಡಿಸಬೇಕೆಂಬ ಬಗ್ಗೆ ನನ್ನ ಆತ್ಮಸಾಕ್ಷಿಗೆ ಯಾವ ಗೊಂದಲವೂ ಇರಲಿಲ್ಲ.

"ಉಣಿಸೋದೊಂದು, ಮಾರೋದೊಂದು. ಛಲೋ ಅಲ್ಲ ನೋಡ್ರಿ," ಎಂದಳು ರೇಣುಕಾ.

"ಕನ್ಯಾ ತೋರಸುವಾಗ ಪೌಡರ್ ಹಚ್ಚಂಗಿಲ್ಲೇನು?"

"ನನಗ ಹಚ್ಚಿದ್ದಿಲ್ಲ."

"ಅದಕ್ಕ ನಾ ಮೋಸ ಹೋಗಲಿಲ್ಲ."

ಇಷ್ಟು ಹೊಗಳಿದರೂ ಕರಗಲಿಲ್ಲ. ಎರಡೂ ಅಕ್ಕಿಯ ಅನ್ನವನ್ನು ಎರಡು ಗುಂಡಿ ಪಾತ್ರೆಗಳಲ್ಲಿ ಮಾಡಿ ಒಲೆಯ ಮೇಲೆ ಅಕ್ಕಪಕ್ಕ ಇಟ್ಟಳು. "ನಿಮಗ ಬುದ್ಧಿ ಬಂದ್ರ ಇರ್ಲಿ."

ಬುದ್ಧಿ ಬರಲಿಲ್ಲ, ಬಾಬಾಸಾಬರು ಬಂದರು. ಪಡಸಾಲೆಯಲ್ಲಿ ಕೂಡಿಸಿ ಮೊಬೈಲು ಹಿಡಿದೆ. ಹಳೇ ಅಕ್ಕಿಯ ಅನ್ನದ ತಟ್ಟೆ ಹೊತ್ತು ಗಾಡಿ ಅಡುಗೆಮನೆಯಿಂದ ಮಂತ್ರಿಯ ಕಾರಿನಂತೆ ಬಂತು. ಬಾಬಾಸಾಬರ ಹುಬ್ಬು ಹಣೆಗೇರಿತು. ಗಾಡಿ ಅವರ ಕಾಲಿಗೆ ತೀರಾ ಹತ್ತಿರವಾಯಿತೆಂದು 'ಹಿಂದಕ್ಕೆ' ಒತ್ತಿದೆ. ಅದೇ ಕ್ಷಣ ಮಿಲ್ಲಿನಿಂದ ಗುಮಾಸ್ತ ಗ್ಯಾನಪ್ಪನ ಫೋನು!

ಕರೆ ಬಂದೊಡನೆ ಗಾಡಿಗೂ ಮೊಬೈಲಿಗೂ ಸಂಪರ್ಕ ಕಡಿಯಿತು. ಹಾಗೆ ಕಡಿದರೆ ನಿಲ್ಲಬೇಕೆಂದು ನಾನು ಗಾಡಿಗೆ ಕಲಿಸಿರಲೇ ಇಲ್ಲ. ಕೊನೆಯ ಅಪ್ಪಣೆಯನ್ನೇ ಶಿರಸಾವಹಿಸಿ ಅದು ತಟ್ಟೆಸಮೇತ ಹಿಂದಕ್ಕೆ ಹೊರಟಿತು. ಬಾಬಾಸಾಬರು ತುತ್ತಿಗೆ ಚಾಚಿದ ಕೈ ಗಾಳಿಯಲ್ಲೇ ಉಳಿಯಿತು.

"ಅರೆ, ನಿಂದರಪಾ," ಎನ್ನುತ್ತ ಅವರು ಎದ್ದು ಗಾಡಿಯ ಬೆನ್ನು ಹತ್ತಿದರು. ಗ್ಯಾನಪ್ಪನಿಗೆ "ಆಮ್ಯಾಲೆ ಮಾಡೋ" ಎಂದು ಕೂಗಿ ನಾನೂ ಓಡಿದೆ. ಗಾಡಿ ಅಡುಗೆಮನೆ ಹೊಕ್ಕು ಒಲೆಯ ಕಟ್ಟೆಗೆ ಢಿಕ್ಕಿ ಹೊಡೆದು ನಿಂತಿತು. ಬಾಬಾಸಾಬರ ಕಣ್ಣು ಮಾತ್ರ ಕಟ್ಟೆಯ ಮೇಲಿತ್ತು.

"ಒಬ್ಬ ಗಿರಾಕಿಗೆ ಎರಡು ಗುಂಡಿ ಅನ್ನ ಯಾಕ್ರಿ ತಂಗಿ?"

ಹೆಂಡತಿಗೆ ಕಣ್ಣು ಹೊಡೆದೆ, ಕೆಮ್ಮಿದೆ. ಅವಳು ನನ್ನತ್ತ ನೋಡಲೂ ಇಲ್ಲ. "ಈ ಹಳೇದು ಉಣಿಸಾಕ್ರಿ ಅಣ್ಣಾರ. ಆ ಹೊಸದು ನಿಮಗ ಕಳಸಾಕ."

ಬಾಬಾಸಾಬರು ಹೊಸ ಅನ್ನವನ್ನು ಒಂದಿಷ್ಟು ಹಿಚುಕಿದರು. ಅದು ಉಂಡೆಯಾಗಿ ಬೆರಳಿಗೆ ಅಂಟಿತು, ಕೊಡವಿದರೂ ಬೀಳಲಿಲ್ಲ.

"ಸಾವ್ಕಾರ್ರ, ನಿಮಗಿಂತ ನಿಮ್ಮ ಗಾಡಿ ಇಮಾನ್ದಾರ್ ಐತಿ."

ಅಲ್ಲೇ ಮಣೆ ಹಾಕಿಸಿಕೊಂಡು, ಹಳೇ ಅಕ್ಕಿಯ ಅನ್ನವನ್ನು ಎರಡು ಸಲ ನೀಡಿಸಿಕೊಂಡು ಉಂಡರು. ಕೈ ತೊಳೆದು, "ಹೊಸದು ಹತ್ತು ಚೀಲ ಕಳಸ್ರಿ, ದೋಸಿಗೆ ನಡೀತೈತಿ. ಅನ್ನದ ಅಕ್ಕಿ ಉಮರಸಾಬರ ಅಂಗಡ್ಯಾಗ ನೋಡ್ತೀನಿ," ಎಂದು ಹೊರಟರು. ವರ್ಷದ ಗಿರಾಕಿ ಹತ್ತು ಚೀಲಕ್ಕೆ ಇಳಿದಿದ್ದ.

ಸುದ್ದಿ ಅವರಿಗಿಂತ ಮೊದಲೇ ಗಿಣಿಗೇರಾ ಮುಟ್ಟಿರಬೇಕು. ಈಗ ನಮ್ಮ ಮನೆಗೆ ಅನ್ನ ನೋಡಲು ಬರುವ ಗಿರಾಕಿ ಯಾರೂ ಪಡಸಾಲೆಯಲ್ಲಿ ಕೂಡುವುದಿಲ್ಲ. ಚಪ್ಪಲಿ ಬಿಟ್ಟು, "ಅರಾಮೇನ್ರಿ ತಂಗಿ?" ಎನ್ನುತ್ತ ನೆಟ್ಟಗೆ ಅಡುಗೆಮನೆಗೆ ಹೋಗಿ ಒಲೆಯ ಮೇಲಿನ ಗುಂಡಿ ಎಣಿಸುತ್ತಾರೆ.